ಕನ್ನಂಬಾಡಿ ಕಟ್ಟೆಗೆ ಹೋಗುವ ಬಸ್ಸು

ಕೃಷ್ಣರಾಜಸಾಗರದ, ಅಂದರೆ ಕನ್ನಂಬಾಡಿಯ, ಅಣೆಕಟ್ಟೆಯ ಬುಡದಲ್ಲಿರುವ ಬೃಂದಾವನ ಉದ್ಯಾನವನ್ನು ಜಗತ್ತಿನ ಪ್ರಸಿದ್ಧ ವಿನೋದೋದ್ಯಾನಗಳ ಸಾಲಿಗೆ ಸೇರಿಸಬೇಕೆಂಬ ಸಂಕಲ್ಪವು ಈಚಿನ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಸರ್ಕಾರದ ಕಡತಗಳಲ್ಲಿ ಕಾಣಿಸಿಕೊಂಡಿದೆ. 2018ರಲ್ಲಿ ಡಿಸ್ನಿಲ್ಯಾಂಡಿನ ಮಾದರಿಯ ಉದ್ಯಾನವೂ 125 ಅಡಿ ಎತ್ತರದ ಕಾವೇರಿ ಮಾತೆಯ ಪ್ರತಿಮೆಯೂ ಅಲ್ಲಿ ತಲೆಯೆತ್ತುವುವೆಂಬ ಘೋಷಣೆಯಾಯಿತು. 2024ರಲ್ಲಿ ಸಚಿವ ಸಂಪುಟವು ಸಾರ್ವಜನಿಕ ಮತ್ತು ಖಾಸಗಿ ಸಹಭಾಗಿತ್ವದಲ್ಲಿ ಸುಮಾರು 2,663 ಕೋಟಿ ರೂಪಾಯಿಗಳ ಯೋಜನೆಯೊಂದಕ್ಕೆ ಸಮ್ಮತಿ ನೀಡಿತು. 2025ರಲ್ಲಿ ಕಾವೇರಿ ಆರತಿಯ ಪ್ರಸ್ತಾಪವೂ ಅದರೊಡನೆ ಸೇರಿಕೊಂಡಾಗ ಮಂಡ್ಯ ಜಿಲ್ಲೆಯ ರೈತ ಸಂಘಟನೆಗಳು ಪ್ರತಿಭಟನೆಗೆ ಇಳಿದವು. ಅಣೆಕಟ್ಟೆಯ ಭದ್ರತೆ, ನಾಲೆಯ ನೀರು, ಸಾರ್ವಜನಿಕ ಧನದ ವ್ಯಯ ಮುಂತಾದ ವಿಷಯಗಳನ್ನು ಕುರಿತು ನಡೆದ ವಾದಪ್ರತಿವಾದಗಳು ಅಗತ್ಯವಾದವು. ಕಟ್ಟೆಯ ಕ್ಷೇಮಕ್ಕೂ ಬೇಸಾಯಗಾರನ ನೀರಿಗೂ ಮಿಕ್ಕೆಲ್ಲಕ್ಕಿಂತ ಮೊದಲ ಸ್ಥಾನ ಸಲ್ಲಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇಷ್ಟೆಲ್ಲ ಚರ್ಚೆಯ ನಡುವೆ ಯಾರೂ ಗಟ್ಟಿಯಾಗಿ ಕೇಳದೆ ಉಳಿದ ಪ್ರಶ್ನೆಯೊಂದಿದೆ. ಜನರು ಅಲ್ಲಿಗೆ ಹೋಗುವುದು ಹೇಗೆ, ಮತ್ತು ಅಲ್ಲಿಂದ ಮರಳುವುದು ಹೇಗೆ? ಹೊಸ ಉದ್ಯಾನ ಬರಲಿ, ಬಾರದೆ ಹೋಗಲಿ, ಈಗಿರುವ ಉದ್ಯಾನಕ್ಕೇ ಈ ಪ್ರಶ್ನೆ ಅನ್ವಯಿಸುತ್ತದೆ. ಹೊಸದು ಬಂದರೆ ಇದರ ಭಾರ ಹಲವು ಪಾಲು ಹೆಚ್ಚುತ್ತದೆ.

ಬೃಂದಾವನವೊಂದನ್ನೇ ಬೇರ್ಪಡಿಸಿ ನೋಡಿದರೆ ಈ ವಿಷಯ ಅರ್ಥವಾಗುವುದಿಲ್ಲ. ಅದರ ಸುತ್ತ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಹರಡಿಕೊಂಡಿವೆ. ಯಾತ್ರಿಕನ ದೃಷ್ಟಿಗೆ ಇವೆಲ್ಲ ಒಂದೇ ಕ್ಷೇತ್ರ. ರಂಗನಾಥನ ಗುಡಿ, ದರಿಯಾ ದೌಲತ್, ಗಂಜಾಮಿನ ನಿಮಿಷಾಂಬ, ಸಂಗಮ, ರಂಗನತಿಟ್ಟು, ಬಲಮುರಿಗಳನ್ನು ಕಂಡವರು ಸಂಜೆ ಕಟ್ಟೆಗೆ ಬರುತ್ತಾರೆ. ಮೇಲುಕೋಟೆಯ ಚೆಲುವನಾರಾಯಣನ ದರ್ಶನ ಮಾಡಿದವರು ತೊಣ್ಣೂರು ಕೆರೆಯನ್ನೂ ಕುಂತಿಬೆಟ್ಟವನ್ನೂ ನೋಡಿ ಇತ್ತ ತಿರುಗುತ್ತಾರೆ. ಹೊಸಹೊಳಲಿನ ಶಿಲ್ಪವನ್ನೂ ಕಲ್ಲಹಳ್ಳಿಯ ಭೂವರಾಹನನ್ನೂ ಅರಸಿ ಕೆ.ಆರ್. ಪೇಟೆಯ ಕಡೆ ಹೋಗುವವರ ಸಂಖ್ಯೆ ಈಚೆಗೆ ಬಹಳ ಬೆಳೆದಿದೆ. ಆದಿಚುಂಚನಗಿರಿಗೆ ಬಂದವರು ನಾಗಮಂಗಲದ ಸೌಮ್ಯಕೇಶವನ ಗುಡಿಯ ಮುಂದೆ ಹಾಯ್ದು ದಕ್ಷಿಣಕ್ಕೆ ಬರುತ್ತಾರೆ. ಇದೇ ದಾರಿಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಗಳಿಗೆ ಸಾಗುತ್ತವೆ, ಕಾಲೇಜಿನ ಮಕ್ಕಳು ಮೈಸೂರಿಗೆ ಹೋಗುತ್ತಾರೆ, ರೋಗಿಗಳು ಬೆಳ್ಳೂರಿನ ಬಳಿಯ ಬಿ.ಜಿ. ನಗರದ ಆಸ್ಪತ್ರೆಗೆ ಪಯಣಿಸುತ್ತಾರೆ. ಪ್ರವಾಸಿಗೆ ಇದು ಒಂದು ದಿನದ ದಾರಿ; ಇಲ್ಲಿಯವನಿಗೆ ನಿತ್ಯದ ದಾರಿ. ವಾಹನವ್ಯವಸ್ಥೆಯನ್ನು ಆಯ್ಕೆಮಾಡುವವರು ಈ ಇಬ್ಬರಲ್ಲಿ ಒಬ್ಬನನ್ನು ಮಾತ್ರ ಕಣ್ಣ ಮುಂದಿಟ್ಟುಕೊಂಡರೆ ಇಬ್ಬರಿಗೂ ಅನ್ಯಾಯವಾಗುತ್ತದೆಂಬುದೇ ಈ ಲೇಖನದ ಮುಖ್ಯ ಪ್ರಮೇಯ.

ಹಿಂದಿನವರು ಏನು ಮಾಡಿದ್ದರೆಂಬುದನ್ನು ಸ್ವಲ್ಪ ನೋಡೋಣ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ 1927ರಲ್ಲಿ ಆರಂಭವಾಗಿ 1932ರ ಹೊತ್ತಿಗೆ ರೂಪುಗೊಂಡ ಈ ಉದ್ಯಾನ, ಉದ್ಯಾನಶಿಲ್ಪಿ ಕೃಂಬಿಗಲ್ಲರ ಕೈಚಳಕದಿಂದ ಮೆಟ್ಟಿಲುಮೆಟ್ಟಿಲಾಗಿ ಇಳಿದು ಬರುವ ಆ ನೀರು ಮತ್ತು ಹಸುರಿನ ರಚನೆ, ಅರಮನೆಯವರ ವಿಹಾರಕ್ಕೆಂದು ಮೀಸಲಾದುದಲ್ಲ. ಪ್ರಜೆಗಳು ಬಂದು ನೋಡಲೆಂದೇ ಆದುದು. ಅದಕ್ಕೂ ಮುಂಚೆಯೇ, 1918ರಲ್ಲಿ, ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ ರೈಲುಮಾರ್ಗ ತೆರೆದಿತ್ತು. ಆ ಮಾರ್ಗದಲ್ಲಿ ಬೆಳಗೊಳವೂ ಕೃಷ್ಣರಾಜಸಾಗರವೆಂಬ ಹೆಸರಿನದೇ ಒಂದು ನಿಲ್ದಾಣವೂ ಇವೆ. ಅದೇ ಹಳಿ ಮುಂದೆ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಗಳನ್ನು ಮುಟ್ಟುತ್ತದೆ. ಪೂರ್ವಕ್ಕೆ ಬೆಂಗಳೂರು–ಮೈಸೂರು ಮಾರ್ಗವು ಪಾಂಡವಪುರ, ಶ್ರೀರಂಗಪಟ್ಟಣಗಳ ಮೇಲೆ ಹಾಯುತ್ತದೆ. ಉತ್ತರಕ್ಕೆ 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಕುಣಿಗಲ್–ಹಾಸನ ಮಾರ್ಗದಲ್ಲಿ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರ ನಿಲ್ದಾಣವಿದೆ. ಹೀಗೆ ಮೂರು ಕಡೆಯಿಂದ ರೈಲು ಈ ನಾಲ್ಕು ತಾಲ್ಲೂಕುಗಳನ್ನು ಬಳಸಿಕೊಂಡಿದೆ. ಆದರೂ ಕೆ.ಆರ್. ಪೇಟೆಯ ಪಟ್ಟಣಕ್ಕೆ ರೈಲಿಲ್ಲ, ನಾಗಮಂಗಲದ ಪಟ್ಟಣಕ್ಕೆ ರೈಲಿಲ್ಲ. ಹಿಂದೆ ಫ್ರೆಂಚ್ ರಾಕ್ಸ್ ಎಂದು ಹೆಸರಾಗಿದ್ದ ಪಾಂಡವಪುರದ ನಿಲ್ದಾಣವು ಊರಿನಿಂದ ದೂರ. ಕೃಷ್ಣರಾಜಸಾಗರದ ನಿಲ್ದಾಣವಾದರೋ ಹೆಸರಿಗೆ ಮಾತ್ರ ಕಟ್ಟೆಯದು, ಅಲ್ಲಿ ಇಳಿದವನು ಉದ್ಯಾನದ ಬಾಗಿಲಿಗೆ ಬರಬೇಕಾದರೆ ಮತ್ತೊಂದು ವಾಹನವನ್ನು ಹುಡುಕಲೇಬೇಕು. ಸಂಪತ್ತು ಇಲ್ಲವೆಂದಲ್ಲ. ಇರುವ ಸಂಪತ್ತಿನ ತುಂಡುಗಳು ಒಂದಕ್ಕೊಂದು ಕೂಡಿಲ್ಲ.

ಈಗ ಸಮಸ್ಯೆಯ ತಿರುಳಿಗೆ ಬರೋಣ. ವಿನೋದಸ್ಥಳಗಳ ಸಾರಿಗೆಯನ್ನು ಕುರಿತು ಯೋಚಿಸುವವರು ಸಾಮಾನ್ಯವಾಗಿ ಬರುವವರನ್ನು ಲೆಕ್ಕಹಾಕುತ್ತಾರೆ, ಲೆಕ್ಕಹಾಕಬೇಕಾದುದು ಹೊರಡುವವರನ್ನು. ಬೃಂದಾವನಕ್ಕೆ ಜನರು ಮಧ್ಯಾಹ್ನದಿಂದ ಸಂಜೆಯವರೆಗೆ ಚದುರಿದಂತೆ ಬರುತ್ತಾರೆ. ಕತ್ತಲಾದ ಮೇಲೆ ಎಲ್ಲರೂ ನದಿಯ ಆಚೆಗಿನ ಉತ್ತರ ಭಾಗದ ಸಂಗೀತ ಕಾರಂಜಿಯ ಮುಂದೆ ಸೇರುತ್ತಾರೆ. ಕೊನೆಯ ಹಾಡು ಮುಗಿದು ನೀರಿನ ಕಂಬಗಳು ಕುಸಿದ ಕೂಡಲೆ ಸಹಸ್ರಾರು ಜನ ಒಟ್ಟಿಗೆ ಏಳುತ್ತಾರೆ. ಒಟ್ಟಿಗೆ ಸೇತುವೆಯ ಕಡೆ ತಿರುಗುತ್ತಾರೆ. ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡ ತಂದೆಯರು, ಚಪ್ಪಲಿಯನ್ನು ಕೈಯಲ್ಲಿ ಹಿಡಿದ ಅಜ್ಜಿಯರು, ಒಂದೇ ಬಣ್ಣದ ಟೋಪಿಯ ಶಾಲಾ ಮಕ್ಕಳ ಸಾಲನ್ನು ಚದುರದಂತೆ ಕಾಯುವ ಮೇಷ್ಟರು, ಎಲ್ಲರೂ ಅದೇ ಇಕ್ಕಟ್ಟಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಾರೆ. ಬಾಗಿಲು ದಾಟಿದರೆ ಹುರಿದ ಮೀನಿನ ವಾಸನೆ, ಮುಸುಕಿನ ಜೋಳದ ಗಾಡಿಗಳು, ಕಾರುಗಳ ದೀಪಗಳ ಪ್ರಖರ ಬೆಳಕು. ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರು "ಮೈಸೂರ್, ಮೈಸೂರ್" ಎಂದು ಕೂಗುತ್ತಿದ್ದಾರೆ. ಬಸ್ಸು ತುಂಬಿದೆ, ಆದರೆ ಅದರ ಮುಂದೆ ಕಾರುಗಳ ಸಾಲು ಅಲುಗದೆ ನಿಂತಿರುವುದರಿಂದ ಅದು ಹೊರಡಲಾರದು. ಆ ಜನಸಂದಣಿಯ ಅಂಚಿನಲ್ಲಿ, ದಿನವೆಲ್ಲ ಹೂವು ಮಾರಿ ಬುಟ್ಟಿ ಬರಿದು ಮಾಡಿಕೊಂಡ ಹೆಂಗಸೊಬ್ಬಳು ಮೈಸೂರಿಗಲ್ಲ, ಒಳನಾಡಿನ ತನ್ನ ಹಳ್ಳಿಗೆ ಹೋಗುವ ಬಸ್ಸು ಬಂದೀತೇ ಎಂದು ಕಾದಿರುತ್ತಾಳೆ. ಯೋಜನೆ ಬರೆಯುವವರ ಲೆಕ್ಕದಲ್ಲಿ ಆಕೆ ಪ್ರವಾಸಿಯಲ್ಲ; ಆದಕಾರಣ ಆಕೆಗೆ ಅಲ್ಲಿ ಸ್ಥಾನವೇ ಇಲ್ಲ.

ಇಲ್ಲಿ ಸ್ವಲ್ಪ ಗಣಿತ ಬೇಕು. ಕಾರಂಜಿ ಮುಗಿದ ಮೇಲೆ ಐದು ಸಾವಿರ ಜನ ಒಂದು ಗಂಟೆಯೊಳಗೆ ಹೊರಡಬೇಕೆಂದು ಭಾವಿಸಿಕೊಳ್ಳಿ. ಕಾರಿಗೆ ನಾಲ್ವರಂತೆ ಅವರೆಲ್ಲ ಕಾರಿನಲ್ಲಿ ಬಂದಿದ್ದರೆ 1,250 ಕಾರುಗಳಾದವು. ಒಂದಕ್ಕೆ ಆರು ಮೀಟರಿನಂತೆ ಒಂದರ ಹಿಂದೊಂದು ನಿಲ್ಲಿಸಿದರೇ ಏಳೂವರೆ ಕಿಲೋಮೀಟರು ಉದ್ದದ ಸಾಲಾಗುತ್ತದೆ. ಬಸ್ಸಿಗೆ ಅರವತ್ತು ಜನರಂತೆ ಸಾಗಿಸಿದರೆ 84 ಟ್ರಿಪ್ಪುಗಳು ಬೇಕು. ಆದರೆ ಬಸ್ಸು ಮೈಸೂರಿನವರೆಗೆ ಸುಮಾರು ಇಪ್ಪತ್ತು ಕಿಲೋಮೀಟರು ಹೋಗಿ ಆ ಗಂಟೆಯೊಳಗೆ ಮರಳಿ ಬರಲಾರದಾದ್ದರಿಂದ 84 ಟ್ರಿಪ್ಪಿಗೆ 84 ಬಸ್ಸುಗಳೇ ಆಗಬೇಕು. ಅದೇ ಬಸ್ಸು ನಾಲ್ಕೈದು ಕಿಲೋಮೀಟರು ದೂರದ ಒಂದು ನಿಲುಗಡೆಯವರೆಗೆ, ಅದು ರೈಲು ನಿಲ್ದಾಣವಾಗಿರಲಿ, ಕಾರುಗಳನ್ನು ನಿಲ್ಲಿಸಿದ ವಿಸ್ತಾರವಾದ ಬಯಲಾಗಿರಲಿ, ಅಲ್ಲಿಗೆ ಹೋಗಿ ಅರ್ಧ ಗಂಟೆಗೊಮ್ಮೆ ಹಿಂದಿರುಗುವಂತಿದ್ದರೆ 42 ಬಸ್ಸುಗಳು ಸಾಕಾಗುತ್ತವೆ. ಆ ನಿಲುಗಡೆಯಲ್ಲಿ ರೈಲೊಂದು ಸಿದ್ಧವಾಗಿ ನಿಂತಿದ್ದರೆ, ಒಂದೇ ಮೆಮು ರೈಲು ಸಾವಿರಕ್ಕೂ ಮಿಕ್ಕಿ ಜನರನ್ನು ಒಂದೇ ಸಲ ಹೊತ್ತೊಯ್ಯಬಲ್ಲದು. ದೊಡ್ಡ ಯಂತ್ರವನ್ನು ತರುವುದಕ್ಕಿಂತ ಸಣ್ಣ ದೂರವನ್ನು ಆರಿಸಿಕೊಳ್ಳುವುದರಿಂದ ಎಷ್ಟು ಪ್ರಯೋಜನವೆಂಬುದು ಈ ಸರಳ ಲೆಕ್ಕದಿಂದಲೇ ವೇದ್ಯವಾಗುತ್ತದೆ.

ಆದರೂ ಇಂಥ ಯೋಜನೆಗಳ ಸಂದರ್ಭದಲ್ಲಿ ಅಧಿಕಾರಸ್ಥರ ಮನಸ್ಸು ಭವ್ಯವಾದುದರ ಕಡೆಗೇ ಒಲಿಯುವುದು ಸ್ವಾಭಾವಿಕ. ಮೊನೊರೈಲು, ರೋಪ್‌ವೇ, ಮೆಟ್ರೊ ಎಂಬ ಮಾತುಗಳು ಪ್ರವಾಸೋದ್ಯಮದ ಪ್ರಸ್ತಾಪಗಳಲ್ಲಿ ಬೇಗನೆ ಸೇರಿಕೊಳ್ಳುತ್ತವೆ. ಅವುಗಳನ್ನು ನಾನು ತಾತ್ತ್ವಿಕವಾಗಿ ವಿರೋಧಿಸುವವನಲ್ಲ. ಆದರೆ ನೆಲವನ್ನು ನೋಡದೆ ಯಂತ್ರವನ್ನು ಆರಿಸುವುದು ವಿವೇಕವಲ್ಲ. ಶ್ರೀರಂಗಪಟ್ಟಣವು ಒಂದು ದ್ವೀಪ. ಅಲ್ಲಿ ಹೆಜ್ಜೆಗೊಂದು ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾಯಿದೆಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಬೆಂಗಳೂರು–ಮೈಸೂರು ರೈಲುಮಾರ್ಗವನ್ನು ಜೋಡಿಹಳಿಯಾಗಿ ಮಾಡುವಾಗ ಟಿಪ್ಪುವಿನ ಕಾಲದ ಒಂದೇ ಒಂದು ಮದ್ದಿನ ಮನೆ ಅಡ್ಡವಾಯಿತು. ಅದನ್ನು ಕೆಡವಲಾಗದೆ, ಕೆಲಸವನ್ನು ಕೈಬಿಡಲೂ ಆಗದೆ, ಬಹಳ ಕಾಲ ತಡೆದ ಮೇಲೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ನೂರ ಮೂವತ್ತು ಮೀಟರಿನಷ್ಟು ದೂರಕ್ಕೆ ಜರುಗಿಸಿದರು. ಅದು ಎಂಜಿನಿಯರುಗಳ ಅದ್ಭುತ ಸಾಹಸವೇ ಸರಿ. ಆ ಗೋಡೆಗಳನ್ನು ಉಳಿಸಿದವರಿಗೆ ನಾಡು ಕೃತಜ್ಞವಾಗಿರತಕ್ಕದ್ದು. ಆದರೆ ಒಂದು ಹಳಿಗೆ ಮತ್ತೊಂದನ್ನು ಸೇರಿಸುವುದಕ್ಕೇ ಇಷ್ಟು ಪ್ರಯಾಸಪಡಬೇಕಾದ ನೆಲದ ಮೇಲೆ ಕಂಬಗಳನ್ನು ನೆಟ್ಟು ಮೇಲ್ಸೇತುವೆಯ ರೈಲನ್ನು ಓಡಿಸುವ ಮಾತು ಎಷ್ಟರಮಟ್ಟಿಗೆ ವಾಸ್ತವವೆಂಬುದನ್ನು ವಾಚಕರೇ ಊಹಿಸಬಹುದು. ಕಟ್ಟೆಗೂ ಪಟ್ಟಣಕ್ಕೂ ನಡುವೆ ರಂಗನತಿಟ್ಟಿದೆ. 1940ರಲ್ಲಿ ಪಕ್ಷಿತಜ್ಞ ಸಾಲಿಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನೂ ಪಡೆದ ಆ ನಡುಗಡ್ಡೆಗಳ ಬಳಿ ಆಕಾಶಮಾರ್ಗದ ಹಗ್ಗಗಳನ್ನು ಎಳೆಯುವ ಯೋಚನೆಯನ್ನು ನಾನು ಚರ್ಚೆಗೂ ಎತ್ತಿಕೊಳ್ಳಲಾರೆ.

ಹೊರದೇಶಗಳ ಉದಾಹರಣೆಯನ್ನು ಕೊಡುವವರು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿನಲ್ಲಿ 1971ರಿಂದ ಓಡುತ್ತಿರುವ ಮೊನೊರೈಲನ್ನು ಹೆಸರಿಸುತ್ತಾರೆ. ಅದು ಒಂದೇ ಸಂಸ್ಥೆಯ ಒಡೆತನದ ವಿಶಾಲ ಭೂಮಿಯೊಳಗೆ, ಆ ಸಂಸ್ಥೆಯ ಅತಿಥಿಗಳಿಗಾಗಿಯೇ ಓಡತಕ್ಕದ್ದು. ಹಳ್ಳಿ, ಗದ್ದೆ, ಜಾತ್ರೆಗಳ ನಡುವೆ ಹಾಯುವ ನಮ್ಮ ದಾರಿಗಳಿಗೆ ಅದು ಮೇಲ್ಪಂಕ್ತಿಯಾಗದು. ನಮಗೆ ಹೆಚ್ಚು ಬೋಧಪ್ರದವಾದುದು ಕ್ಯಾಲಿಫೋರ್ನಿಯಾದ ಅನಹೈಮ್ ನಗರದ ವೃತ್ತಾಂತ. ಮೊದಲ ಡಿಸ್ನಿಲ್ಯಾಂಡ್ ಇರುವ ಆ ನಗರದಲ್ಲಿ ರೈಲು ನಿಲ್ದಾಣವನ್ನೂ ಉದ್ಯಾನವನ್ನೂ ಕೂಡಿಸಲು ಬೀದಿಯ ಮೇಲಿನ ಟ್ರಾಮಿನ ಯೋಜನೆ ಸಿದ್ಧವಾಗಿ, ಮೂರು ಮೈಲಿಯ ಆಸುಪಾಸಿನ ಆ ದಾರಿಗೆ 30 ಕೋಟಿ ಡಾಲರುಗಳಿಗೂ ಮೀರಿದ ವೆಚ್ಚವಾಗುತ್ತದೆಂದು ಕಂಡುಬಂದು, ಅಷ್ಟು ಹಣದಿಂದ ನಗರದ ನಿವಾಸಿಗಳಿಗೆ ಆಗುವ ಉಪಯೋಗವೇನೆಂಬ ಪ್ರಶ್ನೆ ಎದ್ದು, 2016–17ರ ಹೊತ್ತಿಗೆ ಅದು ಬಿದ್ದುಹೋಯಿತು. ಅಷ್ಟು ಸಂಪನ್ನವಾದ ದೇಶದಲ್ಲಿಯೂ ಆ ಪ್ರಶ್ನೆಗೆ ಉತ್ತರ ಸುಲಭವಾಗಲಿಲ್ಲ.

ಇದಕ್ಕೆ ಎದುರಾಗಿ ಟೋಕಿಯೊವನ್ನು ನೋಡಿ. ಅಲ್ಲಿಯ ಡಿಸ್ನಿಲ್ಯಾಂಡ್ 1983ರಲ್ಲಿ ತೆರೆದಾಗ ಅದರ ಬಾಗಿಲ ಬಳಿ ರೈಲಿರಲಿಲ್ಲ. ಐದು ವರ್ಷಗಳ ಕಾಲ ಉರಾಯಾಸು ನಿಲ್ದಾಣದಿಂದ ಬಸ್ಸುಗಳೇ ಜನರನ್ನು ಕರೆತಂದವು. 1988ರಲ್ಲಿ ಕೇಯೊ ಮಾರ್ಗದ ಮೈಹಾಮ ನಿಲ್ದಾಣ ತೆರೆಯಿತು. ಗಮನಿಸಬೇಕಾದುದೇನೆಂದರೆ ಆ ಮಾರ್ಗ ಉದ್ಯಾನಕ್ಕಾಗಿ ಮಾತ್ರ ಹುಟ್ಟಿದುದಲ್ಲ. ಚಿಬಾ ಪ್ರಾಂತದಿಂದ ನಿತ್ಯವೂ ರಾಜಧಾನಿಗೆ ಕೆಲಸಕ್ಕೆ ಹೋಗುವ ಜನರ ಮಾರ್ಗ ಅದು. ಪ್ಯಾರಿಸ್ಸಿನ ಬಳಿಯ ಉದ್ಯಾನಕ್ಕೆ 1992ರಲ್ಲಿ ವಿಸ್ತರಿಸಿದ ರೈಲೂ ನಗರದ ಉಪನಗರಗಳ ನಿತ್ಯಸಂಚಾರದ ರೈಲೇ. ಈ ಎರಡು ಕಡೆಗಳಲ್ಲಿ ಕಚೇರಿಗೆ ಹೋಗುವವನೂ ಮಕ್ಕಳನ್ನು ವಿನೋದಕ್ಕೆ ಕರೆದೊಯ್ಯುವವನೂ ಒಂದೇ ಡಬ್ಬಿಯಲ್ಲಿ ಕುಳಿತಿರುತ್ತಾರೆ. ಹಾಗಿರುವುದರಿಂದಲೇ ಆ ರೈಲು ಸೋಮವಾರದ ಬೆಳಿಗ್ಗೆಯೂ ತುಂಬಿರುತ್ತದೆ, ಭಾನುವಾರದ ಸಂಜೆಯೂ ತುಂಬಿರುತ್ತದೆ. ಹಾಗಿರುವುದರಿಂದಲೇ ಅದು ನಿಲ್ಲದೆ ಉಳಿಯುತ್ತದೆ.

ನನ್ನ ವಾದದ ಕೀಲು ಇಲ್ಲಿದೆ. ಪ್ರವಾಸಿಗಾಗಿಯೇ ಪ್ರತ್ಯೇಕವಾದ, ಹವಾನಿಯಂತ್ರಿತವಾದ, ಅಂದವಾದ ವಾಹನವನ್ನು ಓಡಿಸಿದರೆ ಅದು ದಸರೆಯಲ್ಲಿ, ಡಿಸೆಂಬರಿನ ಶಾಲಾ ಪ್ರವಾಸಗಳ ಕಾಲದಲ್ಲಿ, ಬೇಸಗೆಯ ರಜೆಯಲ್ಲಿ ತುಂಬುತ್ತದೆ. ಆಷಾಢದ ಮಳೆಯ ಮಂಗಳವಾರ ಬರಿದಾಗಿ ಓಡುತ್ತದೆ. ಎರಡು ವರ್ಷ ನಷ್ಟ ತೋರಿಸಿ ನಿಂತುಹೋಗುತ್ತದೆ. ಊರಿನವನಿಗಾಗಿಯೇ ಓಡುವ ಬಸ್ಸು ಬೆಳಿಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ತುಂಬುತ್ತದೆ. ನಡುಹಗಲಿನಲ್ಲಿಯೂ ರಾತ್ರಿಯಲ್ಲಿಯೂ ಜನವಿಲ್ಲವೆಂದು ಅದರ ಟ್ರಿಪ್ಪುಗಳು ರದ್ದಾಗುತ್ತವೆ. ಇವರಿಬ್ಬರ ಅಗತ್ಯದ ಹೊತ್ತುಗಳು ಬೇರೆಬೇರೆಯಾಗಿರುವುದೇ ನಮ್ಮ ಭಾಗ್ಯ. ಬೆಳಿಗ್ಗೆ ಹಳ್ಳಿಯಿಂದ ಪಟ್ಟಣಕ್ಕೆ ವಿದ್ಯಾರ್ಥಿಗಳನ್ನು ತಂದ ಬಸ್ಸು ನಡುಹಗಲಿನಲ್ಲಿ ಯಾತ್ರಿಕರನ್ನು ಹೊತ್ತೀತು. ಕಾರಂಜಿ ಮುಗಿದ ಮೇಲೆ ಕಟ್ಟೆಯಿಂದ ಹೊರಟ ಬಸ್ಸು ಹೂವು ಮಾರುವವಳನ್ನೂ ಹೋಟೆಲಿನ ಸಪ್ಲೈಯರನ್ನೂ ತೋಟದ ಕೂಲಿಯವರನ್ನೂ ಅವರವರ ಊರಿಗೆ ಮುಟ್ಟಿಸೀತು. ಒಬ್ಬರ ಟಿಕೀಟಿನ ಹಣ ಇನ್ನೊಬ್ಬರ ಬಸ್ಸನ್ನು ಉಳಿಸುತ್ತದೆ. ಈ ಸೀಮೆಯ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ವಿಶ್ವೇಶ್ವರಯ್ಯ ನಾಲೆಯು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಅವರು ಕಟ್ಟೆಯ ತೂಬಿನ ಬಳಿ ನಿಂತು ನಿರ್ಣಯಿಸುವುದಿಲ್ಲ, ಕೊನೆಯ ಭಾಗದ ಗದ್ದೆಗೆ ನೀರು ಹಾಯ್ದಿತೇ ಎಂದು ಕೇಳಿ ನಿರ್ಣಯಿಸುತ್ತಾರೆ. ಬಸ್ಸಿಗೂ ಅದೇ ಪರೀಕ್ಷೆ ಸಲ್ಲತಕ್ಕದ್ದು.

ನಮ್ಮಲ್ಲಿ ಇದಕ್ಕೆ ಅನುಭವವಿಲ್ಲವೆಂದು ಯಾರೂ ಹೇಳಲಾಗದು. ಆಷಾಢ ಶುಕ್ರವಾರಗಳಂದು ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡದೆ, ಲಲಿತಮಹಲಿನ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ಅವುಗಳನ್ನು ನಿಲ್ಲಿಸಿ, ಸಾರಿಗೆ ನಿಗಮದ ಬಸ್ಸುಗಳಲ್ಲಿ ಭಕ್ತರನ್ನು ಮೇಲಕ್ಕೆ ಕರೆದೊಯ್ಯುವ ಪದ್ಧತಿ ಬಂದಿದೆ. ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಕಾರುಗಳು ತಪ್ಪಲಿನಲ್ಲೇ ನಿಲ್ಲುತ್ತವೆ. ಮೇಲಕ್ಕೆ ಸರ್ಕಾರಿ ಬಸ್ಸೊಂದೇ ದಾರಿ. ಶಬರಿಮಲೆಯಲ್ಲಿ 2018ರ ಪ್ರವಾಹವು ಪಂಪೆಯ ದಡವನ್ನು ಹಾಳುಮಾಡಿದ ತರುವಾಯ ನಿಲಕ್ಕಲ್ಲಿನಲ್ಲಿ ವಾಹನಗಳನ್ನು ತಡೆದು, ಅಲ್ಲಿಂದ ಪಂಪೆಯವರೆಗೆ ಕೇರಳದ ಸಾರಿಗೆ ಬಸ್ಸುಗಳನ್ನು ಎಡೆಬಿಡದೆ ಓಡಿಸಿದರು. ನಮ್ಮ ಜಿಲ್ಲೆಯಲ್ಲೇ ವೈರಮುಡಿ ಉತ್ಸವದ ದಿನ ಮಂಡ್ಯದ ಖಜಾನೆಯಿಂದ ಕಿರೀಟವು ಮೇಲುಕೋಟೆಗೆ ಮೆರವಣಿಗೆಯಲ್ಲಿ ಹೊರಟಾಗ, ಅದರ ಹಿಂದೆಯೇ ಊರೂರುಗಳಿಂದ ವಿಶೇಷ ಬಸ್ಸುಗಳು ಜಕ್ಕನಹಳ್ಳಿಯಿಂದ ಬೆಟ್ಟದ ಕಡೆ ತಿರುಗುತ್ತವೆ. ಒಂದು ರಾತ್ರಿಯ ಮಟ್ಟಿಗೆ ನಾವು ಅಚ್ಚುಕಟ್ಟಾಗಿ ಮಾಡಬಲ್ಲೆವು. ವರ್ಷವಿಡೀ ಮಾಡಬೇಕೆಂಬ ಸಂಕಲ್ಪ ಮಾತ್ರ ಇನ್ನೂ ಮೂಡಿಲ್ಲ.

ಆಕ್ಷೇಪಗಳು ಇದ್ದೇ ಇವೆ; ಅವುಗಳಲ್ಲಿ ಸತ್ಯಾಂಶವೂ ಇದೆ. ಮುದುಕರನ್ನೂ ಹಸುಗೂಸುಗಳನ್ನೂ ಊಟದ ಬುತ್ತಿಯನ್ನೂ ಕಟ್ಟಿಕೊಂಡು ಬಂದ ಸಂಸಾರವು ಕಾರನ್ನು ದೂರ ನಿಲ್ಲಿಸಿ ಬಸ್ಸು ಹತ್ತಲು ಏಕೆ ಒಪ್ಪೀತು? 2023ರ ಮಾರ್ಚಿನಲ್ಲಿ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ರಾಜಧಾನಿಯಿಂದ ಬೆಳಿಗ್ಗೆ ಹೊರಟು ರಾತ್ರಿ ಮರಳುವುದು ಕಾರಿನವರಿಗೆ ಬಹಳ ಸುಲಭವಾಗಿದೆ. ಅವರನ್ನು ಉಪದೇಶದಿಂದ ಬಸ್ಸು ಹತ್ತಿಸಲಾಗದು. ಬಸ್ಸು ಕಾರಿಗಿಂತ ಬೇಗ ಹೊರಡುವಂತಿದ್ದರೆ ಮಾತ್ರ ಹತ್ತಿಸಬಹುದು. ಬಾಗಿಲ ಬಳಿಯ ನಿಲುಗಡೆಯನ್ನು ಬಸ್ಸುಗಳಿಗೂ, ನಡೆಯಲಾರದವರ ವಾಹನಗಳಿಗೂ, ಶಾಲಾ ಮಕ್ಕಳನ್ನು ತಂದ ಬಸ್ಸುಗಳಿಗೂ ಮೀಸಲಿಟ್ಟು, ಉಳಿದ ಕಾರುಗಳಿಗೆ ದೂರದಲ್ಲಿ ಕಡಿಮೆ ಶುಲ್ಕದ, ಹತ್ತಿರದಲ್ಲಿ ಹೆಚ್ಚು ಶುಲ್ಕದ ಸ್ಥಳವನ್ನು ಕೊಟ್ಟು, ಹಾಗೆ ಬಂದ ಹಣವನ್ನು ಬಸ್ಸಿನ ವೆಚ್ಚಕ್ಕೇ ವಿನಿಯೋಗಿಸಿ, ಕಾರಂಜಿ ಮುಗಿದ ಒಂದು ಗಂಟೆಯ ಕಾಲ ಕಟ್ಟೆಯ ರಸ್ತೆಯಲ್ಲಿ ಬಸ್ಸಿಗೆ ಮೊದಲ ಹಾದಿ ಎಂಬ ನಿಯಮವನ್ನು ಪೊಲೀಸರು ದಾಕ್ಷಿಣ್ಯವಿಲ್ಲದೆ ಪಾಲಿಸಿದರೆ, ಆ ಸಂಸಾರವೂ ಮುಂದಿನ ಸಲ ತಾನಾಗಿ ಬಸ್ಸನ್ನೇ ಆರಿಸಿಕೊಳ್ಳುತ್ತದೆ.

ಆಟೋದವರ ಮತ್ತು ಟ್ಯಾಕ್ಸಿಯವರ ಆತಂಕ ಇದಕ್ಕಿಂತ ಗಂಭೀರವಾದುದು. ಬಸ್ಸು ಹೆಚ್ಚಿದರೆ ತಮ್ಮ ಅನ್ನಕ್ಕೆ ಕುತ್ತು ಬರುತ್ತದೆಂದು ಅವರು ಭಾವಿಸುವುದು ಸಹಜ. 2023ರ ಆಗಸ್ಟಿನಿಂದ ಆಟೋ, ಟ್ರ್ಯಾಕ್ಟರು, ದ್ವಿಚಕ್ರ ವಾಹನಗಳಿಗೆ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲವಾದಾಗಿನಿಂದ ಅವರೆಲ್ಲ ಪಕ್ಕದ ರಸ್ತೆಗಳಲ್ಲೇ ಓಡಾಡಬೇಕಾಗಿದೆ. ಅವರನ್ನು ವ್ಯವಸ್ಥೆಯ ಹೊರಗಿಟ್ಟರೆ ಅವರು ಅದರ ವೈರಿಗಳಾಗುತ್ತಾರೆ. ಬಸ್ಸು ಹೋಗಲಾಗದ ಕಡೆಗಳು ಇಲ್ಲಿ ಬೇಕಾದಷ್ಟಿವೆ: ಶ್ರೀರಂಗಪಟ್ಟಣದ ನಿಲ್ದಾಣದಿಂದ ರಂಗನಾಥನ ಗುಡಿಗೆ ನಡೆದೇ ಹೋಗಬಹುದು, ಆದರೆ ಅಲ್ಲಿಂದ ಸಂಗಮಕ್ಕೆ, ಕರಿಘಟ್ಟಕ್ಕೆ, ರಂಗನತಿಟ್ಟಿಗೆ ಹೋಗಲು ಆಟೋ ಬೇಕು, ಪಾಂಡವಪುರದ ನಿಲ್ದಾಣದಿಂದ ಊರಿಗೆ ಬರಲು ಆಟೋ ಬೇಕು, ಅಕ್ಕಿಹೆಬ್ಬಾಳಿನಲ್ಲಿ ಇಳಿದವರು ಹೇಮಗಿರಿಗೋ ಭೂವರಾಹನ ಸನ್ನಿಧಿಗೋ ಹೋಗಲು ಆಟೋ ಬೇಕು. ರೈಲು ಬರುವ ಹೊತ್ತಿಗೆ ನಿಂತಿರುವ, ಫಲಕದಲ್ಲಿ ಬರೆದ ದರಕ್ಕೇ ಓಡುವ ಆಟೋಗಳಿಗೆ ಅಲ್ಲಿ ದಿನವಿಡೀ ಕೆಲಸವಿದೆ.

ಇನ್ನು ರೈಲಿನ ಮಾತು. ಮೈಸೂರು–ಹಾಸನ ಮಾರ್ಗ ಒಂಟಿ ಹಳಿಯದು. ಆದ್ದರಿಂದ ಮನಬಂದಷ್ಟು ರೈಲುಗಳನ್ನು ಅಲ್ಲಿ ಓಡಿಸಲಾಗದು. ಆದರೆ ಸಂಜೆ ಮೈಸೂರಿನಿಂದ ಬೆಳಗೊಳ, ಕೃಷ್ಣರಾಜಸಾಗರಗಳವರೆಗೆ ಬಂದು, ಕಾರಂಜಿ ಮುಗಿದ ಮೇಲೆ ಹಿಂದಿರುಗುವ ಒಂದು ರೈಲು, ವಾರದ ಕೊನೆಯಲ್ಲಿ ಮತ್ತು ದಸರೆಯ ದಿನಗಳಲ್ಲಾದರೂ, ಅಸಾಧ್ಯವಾದುದಲ್ಲ. ಹಳಿ ಇದೆ, ನಿಲ್ದಾಣವಿದೆ. ಇಲ್ಲದಿರುವುದು ನಿಲ್ದಾಣದಿಂದ ಉದ್ಯಾನದ ಬಾಗಿಲಿಗೆ ಹೊಂದಿಸಿದ ಬಸ್ಸು ಮತ್ತು ಎರಡು ಇಲಾಖೆಗಳವರು ಒಂದೇ ಮೇಜಿನ ಮುಂದೆ ಕುಳಿತು ಬರೆದ ವೇಳಾಪಟ್ಟಿ. ನೂರಾರು ಕೋಟಿಗಳ ಮಾತಿನ ಮಧ್ಯೆ ಈ ವೇಳಾಪಟ್ಟಿಯ ಮಾತು ಅತ್ಯಲ್ಪವಾಗಿ ಕಾಣಬಹುದು. ನನಗಾದರೋ ಇಡೀ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನದು ಕಾಣುವುದಿಲ್ಲ.

ಈ ಸೀಮೆಯ ಹಳ್ಳಿಗಳಲ್ಲಿ 'ಹಾಲ್ಟ್ ಬಸ್ಸು' ಎಂಬುದೊಂದಿದೆ. ರಾತ್ರಿ ಕೊನೆಯ ಟ್ರಿಪ್ಪಿನಲ್ಲಿ ಬಂದು, ಊರ ಮುಂದಿನ ಅರಳಿಕಟ್ಟೆಯ ಬಳಿಯೋ ಶಾಲೆಯ ಬಯಲಿನಲ್ಲಿಯೋ ತಂಗಿ, ಬೆಳಗಾಗುತ್ತಲೇ ಹಾಲಿನ ಕ್ಯಾನುಗಳನ್ನೂ ಕಾಲೇಜಿನ ಮಕ್ಕಳನ್ನೂ ತುಂಬಿಕೊಂಡು ಹೊರಡುವ ಬಸ್ಸು ಅದು. 1948ರಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆಯು ಹುಟ್ಟಿದಂದಿನಿಂದ ನಮ್ಮ ಗ್ರಾಮಾಂತರಕ್ಕೆ ದೊರೆತ ಉಪಕಾರಗಳಲ್ಲಿ ಇದಕ್ಕೆ ಉನ್ನತವಾದ ಸ್ಥಾನ ಸಲ್ಲಬೇಕು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಡಿಪೋಗಳಿಂದ ಹೀಗೆ ಹಳ್ಳಿಗಳಿಗೆ ಹೋಗಿ ತಂಗುವ ಬಸ್ಸುಗಳಲ್ಲಿ ಕೆಲವನ್ನು ಕಟ್ಟೆಯ ಮೂಲಕ ತಿರುಗಿಸಿ, ಕಾರಂಜಿ ಮುಗಿದ ಮೇಲೆ ಅಲ್ಲಿಂದ ಹೊರಡುವಂತೆ ಮಾಡಿದರೆ, ಒಂದು ಹೊಸ ಬಸ್ಸನ್ನೂ ಕೊಳ್ಳದೆ ಚಿನಕುರಳಿಯ ಕಡೆಯವರಿಗೂ ಬೂಕನಕೆರೆಯ ಕಡೆಯವರಿಗೂ ರಾತ್ರಿಯ ದಾರಿ ತೆರೆಯುತ್ತದೆ. ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ನಾಡಿನ ಹೆಂಗಸರು ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿಗೆ ಹಣ ಕೊಡದೆ ಪಯಣಿಸುತ್ತಾರೆ; ಗಂಜಾಮಿನ ನಿಮಿಷಾಂಬೆಯ ಗುಡಿಯ ಮುಂದಿನ ಸರತಿ ಸಾಲನ್ನು ಕಂಡವರಿಗೆ ಅದರ ಪರಿಣಾಮವನ್ನು ಹೇಳಬೇಕಾಗಿಲ್ಲ. ಆದರೆ ಬಸ್ಸೇ ಬಾರದ ಹೊತ್ತಿನಲ್ಲಿ ಉಚಿತ ಪ್ರಯಾಣದ ಹಕ್ಕು ಇದ್ದೂ ಇಲ್ಲದಂತೆಯೇ. ಹೂವಿನ ಬುಟ್ಟಿಯವಳಿಗೆ ಆ ಹಕ್ಕು ಬೇಕಾದುದು ರಾತ್ರಿ ಎಂಟು ಗಂಟೆಗೆ.

ಉತ್ತರದ ಕಡೆಗೂ ಇಂಥದೇ ಒಂದು ಕೂಡುವಿಕೆ ಆಗಬೇಕಾಗಿದೆ. ಬಿ.ಜಿ. ನಗರದ ರೈಲು ನಿಲ್ದಾಣದಿಂದ ನಾಗಮಂಗಲ, ಜಕ್ಕನಹಳ್ಳಿ, ಪಾಂಡವಪುರಗಳ ಮೇಲೆ ಶ್ರೀರಂಗಪಟ್ಟಣಕ್ಕೆ, ಚಾಮರಾಜನಗರದಿಂದ ಜೇವರ್ಗಿಗೆ ಹೋಗುವ ಹೆದ್ದಾರಿಯನ್ನೇ ಹಿಡಿದು, ನಿಶ್ಚಿತವಾದ ವೇಳೆಗೆ ಓಡುವ ಬಸ್ಸುಗಳ ಸರಪಳಿಯೊಂದು ಏರ್ಪಟ್ಟರೆ, ಹಾಸನದ ಕಡೆಯ ಯಾತ್ರಿಕನೂ ಆಸ್ಪತ್ರೆಗೆ ಹೋಗುವ ನಾಗಮಂಗಲದ ರೋಗಿಯೂ ಮೇಲುಕೋಟೆಯ ಪಾಠಶಾಲೆಯ ವಿದ್ಯಾರ್ಥಿಯೂ ಅದರ ಫಲಭಾಗಿಗಳಾಗುತ್ತಾರೆ. ಜಕ್ಕನಹಳ್ಳಿಯಲ್ಲಿ ಬಿಸಿಲಿಗೆ ನೆರಳು, ಹೆಂಗಸರಿಗೆ ಶೌಚಾಲಯ, ಮುಂದಿನ ಬಸ್ಸು ಎಷ್ಟು ಹೊತ್ತಿಗೆಂದು ಕನ್ನಡದಲ್ಲಿ ತಿಳಿಸುವ ಫಲಕ, ಇಷ್ಟು ಇದ್ದರೆ ಸಾಕು.

ಇವೆಲ್ಲವನ್ನೂ ಉದ್ಯಾನ ಕಟ್ಟಿ ಮುಗಿದ ಮೇಲೆ ನೋಡೋಣವೆಂದು ಮುಂದಕ್ಕೆ ಹಾಕುವ ಪ್ರವೃತ್ತಿಯೇ ನನ್ನನ್ನು ಈ ಲೇಖನಕ್ಕೆ ಪ್ರೇರಿಸಿದುದು. ಟೋಕಿಯೊದವರು ರೈಲಿಗಾಗಿ ಐದು ವರ್ಷ ಕಾಯಬೇಕಾಯಿತಾದರೂ ಮೊದಲ ದಿನದಿಂದಲೇ ಅವರಿಗೆ ಬಸ್ಸುಗಳಿದ್ದವು. ಖಾಸಗಿಯವರೊಡನೆ ಒಪ್ಪಂದ ಬರೆಯುವಾಗ ಪ್ರವೇಶದ ಟಿಕೀಟಿನ ಹಣದಲ್ಲಿ ಒಂದು ಪಾಲು ನಾಲ್ಕೂ ತಾಲ್ಲೂಕುಗಳ ಬಸ್ಸಿಗೆ ಸಲ್ಲಬೇಕೆಂದೂ, ಬಾಗಿಲ ಬಳಿಯ ನೆಲದಲ್ಲಿ ಮೊದಲು ಬಸ್ಸು ನಿಲ್ದಾಣಕ್ಕೆ ಅಳತೆ ಹಾಕಿ ಉಳಿದುದನ್ನು ಕಾರುಗಳಿಗೆ ಕೊಡಬೇಕೆಂದೂ, ಕಾರಂಜಿಯ ವೇಳೆಯನ್ನು ಬದಲಿಸುವ ಮುನ್ನ ಸಾರಿಗೆ ನಿಗಮದವರನ್ನೂ ರೈಲ್ವೆಯವರನ್ನೂ ಕೇಳಬೇಕೆಂದೂ ಸ್ಪಷ್ಟವಾದ ಷರತ್ತುಗಳನ್ನು ಅದರಲ್ಲಿ ಸೇರಿಸಬಹುದು. ಈ ಷರತ್ತುಗಳನ್ನು ಹಾಕಿಸುವ ಅವಕಾಶವಿರುವುದು ಸಹಿ ಬೀಳುವ ಮುನ್ನ ಮಾತ್ರ. ಈ ಭಾಗದ ಶಾಸಕರೂ ಜಿಲ್ಲಾಡಳಿತದವರೂ ಸರ್ಕಾರದ ಮುಂದೆ ಅವನ್ನು ಈಗಲೇ ಲಿಖಿತವಾಗಿ ಇಡಬೇಕು.